ಜಿ. ವಿ. ಅಯ್ಯರ್: ಒಬ್ಬ ನಟನಿಗೆ ಎರಡು ಜನ್ಮಗಳೇ?

ಸಾಹಿತ್ಯದ ಪುಟದಲ್ಲಿ ಚಲನಚಿತ್ರ ನಟನೊಬ್ಬನ ಬಾಳಿನ ವಿಚಾರವೇಕೆ ಎಂದು ಕೆಲವು ವಾಚಕರಾದರೂ ಕೇಳಬಹುದು. ಕವಿ ಬರೆದ ಮಾತಿಗೆ ಉಸಿರು ಕೊಟ್ಟು, ಅಕ್ಷರವರಿಯದ ಸಾವಿರಾರು ಜನರ ಕಿವಿಗೆ ಅದನ್ನು ಮುಟ್ಟಿಸಿದವನು ನಟ. ಕುಮಾರವ್ಯಾಸನನ್ನು ನಮ್ಮ ಹಳ್ಳಿಗಳಿಗೆ ಒಯ್ದವರು ಗಮಕಿಗಳಾದರೆ, ಹೊಸಗಾಲದ ಕನ್ನಡ ಮಾತನ್ನು ಊರೂರಿಗೆ ಒಯ್ದವರು ನಾಟಕ ಕಂಪನಿಗಳ ನಟರು. ಆದುದರಿಂದ ನಟನ ಜೀವನವೂ ಭಾಷೆಯ ಚರಿತ್ರೆಯ ಒಂದು ಅಧ್ಯಾಯವೇ. ನಂಜನಗೂಡಿನಲ್ಲಿ ಹುಟ್ಟಿದ ಜಿ. ವಿ. ಅಯ್ಯರ್ ಅವರ ಜೀವನವಂತೂ ನಾವು ಸರಿಯಾಗಿ ಓದಿಕೊಳ್ಳದ ಅಧ್ಯಾಯ.

ಗಣಪತಿ ವೆಂಕಟರಮಣ ಅಯ್ಯರ್ ಹುಟ್ಟಿದುದು 1917ರ ಸೆಪ್ಟೆಂಬರ್ 3ರಂದು. ಎಂಟನೆಯ ವಯಸ್ಸಿಗೆ ಅವರು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. ಇಂದು ನಾವು ಮಕ್ಕಳನ್ನು ಮೂರನೆಯ ತರಗತಿಗೆ ಕಳುಹಿಸುವ ವಯಸ್ಸು ಅದು. ಅವರ ಪಾಲಿಗೆ ಕಂಪನಿಯ ಡೇರೆಯೇ ಪಾಠಶಾಲೆಯಾಯಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನೆಲದ ಮೇಲೆ ಕುಳಿತ ಕೊನೆಯ ಸಾಲಿನವನಿಗೂ ಮಾತು ಕೇಳಿಸಬೇಕು. ಕೇಳಿಸಿದರೆ ಸಾಲದು, ತಿಳಿಯಬೇಕು. ತಿಳಿದರೂ ಸಾಲದು, ಆತನ ಎದೆ ಕಲಕಬೇಕು. ಈ ಮೂರು ಪರೀಕ್ಷೆಗಳಲ್ಲಿ ದಿನದಿನವೂ ಕುಳಿತು ತೇರ್ಗಡೆಯಾದವನಿಗೆ ಬೇರೆ ಪ್ರಮಾಣಪತ್ರದ ಅಗತ್ಯವೇನು?

1943ರಲ್ಲಿ ‘ರಾಧಾರಮಣ’ ಚಿತ್ರದ ಮೂಲಕ ಅವರು ತೆರೆಯ ಮೇಲೆ ಬಂದರು. ಟಿ. ನರಸೀಪುರದ ತಿರುಮಕೂಡಲಿನಲ್ಲಿ ಜನಿಸಿದ ಪಿಟೀಲು ವಿದ್ವಾನ್ ಚೌಡಯ್ಯನವರು ‘ವಾಣಿ’ ಚಿತ್ರದಲ್ಲಿ ತೊಡಗಿದ್ದುದೂ ಅದೇ 1943ರಲ್ಲಿ. ಕಪಿಲೆಯ ತೀರದ ಎರಡು ಊರುಗಳು ಕನ್ನಡ ಚಿತ್ರರಂಗದ ಎಳವೆಯಲ್ಲಿಯೇ ಹೀಗೆ ತಮ್ಮ ಕಾಣಿಕೆಯನ್ನು ಸಲ್ಲಿಸಿದವು. 1954ರ ‘ಬೇಡರ ಕಣ್ಣಪ್ಪ’ನಲ್ಲಿ ಅಯ್ಯರ್ ಮತ್ತೆ ನಟರಾಗಿ ಕಾಣಿಸಿಕೊಂಡರು. ಕನ್ನಡ ಚಿತ್ರಗಳಿಗೆ ಹಣ ಹೂಡುವವರು ಹಿಂದೆಗೆಯುತ್ತಿದ್ದ ಹೊತ್ತಿನಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಅಯ್ಯರ್ ಒಂದಾಗಿ ಕಲಾವಿದರ ಸಂಘವನ್ನು ಕಟ್ಟಿದರು. ನಾಟಕಗಳನ್ನಾಡುತ್ತ ಊರೂರು ತಿರುಗಿದರು. 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದರು. ಆ ಚಿತ್ರಕ್ಕೆ ಮಾತು ಬರೆದವರೂ ಅಯ್ಯರ್ ಅವರೇ. ಮುಂದೆ ನಿರ್ದೇಶಕರಾಗಿ 1962ರಲ್ಲಿ ‘ಭೂದಾನ’ವನ್ನು ಕೊಟ್ಟರು. ರಾಜಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಮೂವರೂ ಒಟ್ಟಿಗೆ ಅಭಿನಯಿಸಿದ ಚಿತ್ರ ಅದು. ‘ಲಾಯರ್ ಮಗಳು’, ‘ಪೋಸ್ಟ್ ಮಾಸ್ಟರ್’, ‘ಕಿಲಾಡಿ ರಂಗ’, ‘ಮೈಸೂರು ಟಾಂಗಾ’ ಮೊದಲಾದವು ಆ ದಶಕದ ಇತರ ಫಲಗಳು.

ಇಲ್ಲಿಂದ ಮುಂದಿನ ಕಥೆಯನ್ನು ನಮ್ಮ ವಿಮರ್ಶಕರು ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಹೇಳುತ್ತಾರೆ. 1971ರಲ್ಲಿ ‘ವಂಶವೃಕ್ಷ’ದ ನಿರ್ಮಾಪಕರಾದೊಡನೆ ಅಯ್ಯರ್ ಪುನರ್ಜನ್ಮ ಪಡೆದರಂತೆ, ಹಿಂದಿನ ಅಯ್ಯರ್ ಜನರಂಜನೆಯವರು, ಮುಂದಿನ ಅಯ್ಯರ್ ಕಲಾವಿದರು. ‘ಹಂಸಗೀತೆ’, ‘ಆದಿ ಶಂಕರಾಚಾರ್ಯ’ಗಳನ್ನು ಕೊಂಡಾಡುವ ಲೇಖನಗಳಲ್ಲಿ ‘ಕಿಲಾಡಿ ರಂಗ’ನ ಹೆಸರೂ ಬಾರದಂತೆ ಎಚ್ಚರ ವಹಿಸಲಾಗುತ್ತದೆ. ಈ ವಿಂಗಡಣೆ ಅನುಕೂಲವಾದುದು, ಆದರೆ ನಿಜವಾದುದಲ್ಲ.

‘ವಂಶವೃಕ್ಷ’ವನ್ನೇ ನೋಡೋಣ. 1965ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ ಈ ಕಾದಂಬರಿಯ ಶ್ರೀನಿವಾಸ ಶ್ರೋತ್ರಿಗಳು ನಂಜನಗೂಡಿನವರು. ತಮ್ಮ ಹುಟ್ಟೂರಿನ ಕಥೆಗೆ ಅಯ್ಯರ್ ಆರಿಸಿಕೊಂಡ ನಿರ್ದೇಶಕರು ಗಿರೀಶ್ ಕಾರ್ನಾಡ್ ಮತ್ತು ಬಿ. ವಿ. ಕಾರಂತ. ಇಬ್ಬರೂ ರಂಗಭೂಮಿಯವರು, ಕಾರಂತರಂತೂ ಹುಡುಗನಾಗಿದ್ದಾಗ ಮನೆ ಬಿಟ್ಟು ಅದೇ ಗುಬ್ಬಿ ಕಂಪನಿಯನ್ನು ಸೇರಿದ್ದವರು. ಹೊಸ ಅಲೆಯೆಂದು ನಾವು ಕರೆದ ಚಿತ್ರದ ಬೇರು ಹಳೆಯ ಡೇರೆಯ ಕೆಳಗೇ ಇತ್ತು. 1975ರ ‘ಹಂಸಗೀತೆ’ಯೂ ಹಾಗೆಯೇ. ತ. ರಾ. ಸು. ಅವರ ಕಾದಂಬರಿಯಿಂದ ಬಂದ ಈ ಸಂಗೀತಗಾರನ ಕಥೆಯಲ್ಲಿ ಹಾಡು ಅಲಂಕಾರವಲ್ಲ, ಅದೇ ಕಥೆ. ಮಾತಿನ ನಡುವೆ ಹಾಡು ಹುಟ್ಟುವುದನ್ನು ಬಾಲ್ಯದಿಂದ ಕಂಡವನಲ್ಲದೆ ಮತ್ತಾರು ಹಾಗೆ ಧೈರ್ಯ ಮಾಡಿಯಾರು? ಅದರಲ್ಲಿ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದುದು ಆಕಸ್ಮಿಕವಲ್ಲ.

ಇನ್ನು 1983ರ ‘ಆದಿ ಶಂಕರಾಚಾರ್ಯ’. ಸಂಸ್ಕೃತದ ಮೊತ್ತಮೊದಲ ಚಲನಚಿತ್ರವೂ, ಆ ವರ್ಷದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾದ ಕೃತಿಯೂ ಆದ ಇದರಲ್ಲಿ ಮೃತ್ಯು ಮತ್ತು ಪ್ರಜ್ಞಾನ ಎಂಬೆರಡು ಭಾವಗಳು ಮನುಷ್ಯರೂಪ ತಾಳಿ ಶಂಕರರೊಡನೆ ನಡೆಯುತ್ತವೆ. ಇದನ್ನು ನವೀನ ತಂತ್ರವೆಂದು ಹೊಗಳಿದವರುಂಟು. ಆದರೆ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕ ಮೋಹಗಳು ಪಾತ್ರಗಳಾಗಿ ಬರುವುದಿಲ್ಲವೇ? ನಳನ ಕಥೆಯ ನಾಟಕದಲ್ಲಿ ಕಲಿಪುರುಷ ರಂಗಕ್ಕೆ ಬಂದಾಗ ನಮ್ಮ ರೈತನಿಗೆ ಅದು ವಿಚಿತ್ರವೆನಿಸಿತೇ? ಕಾಣದುದನ್ನು ಕಾಣಿಸುವುದು ರಂಗಭೂಮಿಯ ಹಳೆಯ ವಿದ್ಯೆ. ಅಯ್ಯರ್ ಅದನ್ನು ತೆರೆಗೆ ತಂದರು.

ಇಲ್ಲಿ ಕನ್ನಡದ ಅಧ್ಯಾಪಕನಾದ ನನ್ನೊಳಗೆ ಒಂದು ಆಕ್ಷೇಪ ಏಳುವುದನ್ನು ಮರೆಮಾಚಲಾರೆ. ಕನ್ನಡ ಮಾತಿನಲ್ಲಿ ಪಳಗಿದವರು ತಮ್ಮ ಹಿರಿಯ ಕೃತಿಯನ್ನು ಸಂಸ್ಕೃತಕ್ಕೆ ಕೊಟ್ಟರಲ್ಲ, ನಮಗಾದುದು ನಷ್ಟವಲ್ಲವೇ? ನಷ್ಟವೇ. 1986ರ ‘ಮಧ್ವಾಚಾರ್ಯ’ ಕನ್ನಡದಲ್ಲಿ ಬಂದರೂ ಆ ನಷ್ಟ ಪೂರ್ತಿಯಾಗಿ ತುಂಬಿಬರಲಿಲ್ಲ. ಆದರೂ ‘ಆದಿ ಶಂಕರಾಚಾರ್ಯ’ದಲ್ಲಿ ಮಾತಿನ ಅರ್ಥ ತಿಳಿಯದ ಪ್ರೇಕ್ಷಕನನ್ನು ಮುಖ, ನಡಿಗೆ, ಮೌನಗಳು ಹಿಡಿದು ನಿಲ್ಲಿಸುತ್ತವೆ, ಅಲ್ಲಿ ಗೆದ್ದವನು ನಟನೇ. 1992ರ ಸಾಲಿನಲ್ಲಿ ಅದೇ ಪ್ರಶಸ್ತಿಯನ್ನು ಗಳಿಸಿದ ‘ಭಗವದ್ಗೀತೆ’ಯ ಬಗೆಗೆ ನಾನು ಹೀಗೆ ಹೇಳಲಾರೆ. ಅಲ್ಲಿ ತತ್ತ್ವ ಮುಂದಾಯಿತು, ಮನುಷ್ಯ ಹಿಂದಾದ. ಅಯ್ಯರ್ ತಮ್ಮೊಳಗಿನ ನಟನನ್ನು ಮರೆತಾಗಲೆಲ್ಲ ಸೊರಗಿದರು, ನೆನೆದಾಗಲೆಲ್ಲ ಬೆಳಗಿದರು ಎಂಬುದು ನನ್ನ ಅಭಿಪ್ರಾಯ.

ಈ ಮಾತಿಗೆ ಅವರ ಕೊನೆಯ ದೊಡ್ಡ ಚಿತ್ರ ‘ಸ್ವಾಮಿ ವಿವೇಕಾನಂದ’ವೇ ಸಾಕ್ಷಿ. ಕುಣಿತ, ಹೊಡೆದಾಟಗಳ ನಾಯಕನೆಂದು ದೇಶವೆಲ್ಲ ಗುರುತಿಸುತ್ತಿದ್ದ ಮಿಥುನ್ ಚಕ್ರವರ್ತಿಯವರಿಗೆ ಅವರು ರಾಮಕೃಷ್ಣ ಪರಮಹಂಸರ ಪಾತ್ರವನ್ನು ವಹಿಸಿದರು. ಆ ಪಾತ್ರ ಮಿಥುನ್ ಅವರಿಗೆ ಶ್ರೇಷ್ಠ ಪೋಷಕ ನಟನೆಂಬ ರಾಷ್ಟ್ರಪ್ರಶಸ್ತಿಯನ್ನು ತಂದಿತು. ಜನರಂಜನೆಯ ವೇಷದೊಳಗೆ ಅಡಗಿರುವ ಕಲಾವಿದನನ್ನು ಕಾಣಬೇಕಾದರೆ ತಾನೂ ಆ ವೇಷವನ್ನು ಒಮ್ಮೆ ತೊಟ್ಟಿರಬೇಕು. ಬರಿಗಾಲಿನಲ್ಲಿಯೇ ನಡೆದಾಡುತ್ತಿದ್ದ ಈ ಹಿರಿಯರು 2003ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ತೀರಿಕೊಂಡರು.

ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿ ಕಣ್ಣಿಗೆ ಕಾಣುವುದು ಎರಡೇ ನದಿಗಳಾದರೂ ಸ್ಫಟಿಕ ಸರೋವರವೆಂಬ ಮೂರನೆಯದು ಗುಪ್ತವಾಗಿ ಕೂಡುತ್ತದೆಂದು ಹಿರಿಯರು ನಂಬಿದರು. ಜನಪ್ರಿಯ ಚಿತ್ರ, ಕಲಾತ್ಮಕ ಚಿತ್ರ ಎಂಬ ಎರಡನ್ನೇ ಎಣಿಸುವ ನಮಗೆ, ಅವೆರಡಕ್ಕೂ ನೀರೆರೆದ ಕಂಪನಿ ನಾಟಕ ಮಾತ್ರ ಕಾಣದೆ ಹೋಗಿದೆ.

ಅದನ್ನು ಕಾಣಿಸುವ ಹೊಣೆ ಅಧ್ಯಾಪಕರದು. ‘ವಂಶವೃಕ್ಷ’ವನ್ನು ಓದುವ ವಿದ್ಯಾರ್ಥಿಗೆ, ಅದನ್ನು ತೆರೆಗೆ ತಂದವರು ಅದೇ ನಂಜನಗೂಡಿನವರೆಂಬುದೂ, ಅವರ ಶಾಲೆ ಯಾವುದಿತ್ತೆಂಬುದೂ ತಿಳಿಯಬೇಕು. ಡೇರೆಯ ನಾಟಕಗಳನ್ನು ಕಂಡ ಹಿರಿಯರು ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಇನ್ನೂ ಉಳಿದಿರುವಾಗಲೇ, ಕನ್ನಡ ಐಚ್ಛಿಕ ವಿಷಯದ ವಿದ್ಯಾರ್ಥಿಗಳು ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಲಿ. ಹಳಗನ್ನಡ ಕಾವ್ಯದ ಪಾಠಾಂತರಗಳಿಗೆ ನಾವು ತೋರುವ ಶ್ರದ್ಧೆಯಲ್ಲಿ ಕಾಲುಭಾಗವನ್ನು ಇದಕ್ಕೆ ತೋರಿದರೂ ಸಾಕು. ತಾಳೆಗರಿ ಇನ್ನೂ ನೂರು ವರ್ಷ ಕಾದೀತು. ಮುದುಕರ ನೆನಪು ಕಾಯದು.