ಫಲಕದಲ್ಲಿ ಹೆಸರಿಲ್ಲದವರು

ಮುಲುಂಡ್, ಠಾಣೆ, ಡೊಂಬಿವಲಿಗಳ ಒಳರಸ್ತೆಗಳಲ್ಲಿ ‘ಶಾಂತ ವಸತಿ’ ಎಂದು ಹೆಸರು ಪಡೆದ ಸೊಸೈಟಿಗಳು ಒಂದು ಮಾತನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ: “ನಮ್ಮಲ್ಲಿ ಹೆಚ್ಚಿನವರು ಸ್ವಂತ ಮನೆಯವರೇ.” ಇಪ್ಪತ್ನಾಲ್ಕು ಗಂಟೆ ನೀರು, ಹತ್ತಿರದ ರೈಲು ನಿಲ್ದಾಣ, ಗಾಳಿ ಬೆಳಕು, ಇವುಗಳ ಸಾಲಿನಲ್ಲೇ ಈ ಮಾತೂ ಬರುತ್ತದೆ. ಬಾಡಿಗೆಯವರು ಕಡಿಮೆ ಇರುವುದೂ ಒಂದು ಸೌಕರ್ಯವೆಂದು ಅಲ್ಲಿ ಎಣಿಕೆ. ಆ ಕಡಿಮೆ ಇರುವವರು ನಾವು. ನೌಕರಿಯ ವರ್ಗಾವಣೆಯಿಂದ, ಮಕ್ಕಳ ಶಾಲೆಯ ಕಾರಣದಿಂದ, ಅಥವಾ ಈ ನಗರದಲ್ಲಿ ಮನೆ ಕೊಳ್ಳುವ ಶಕ್ತಿ ಇಲ್ಲದ್ದರಿಂದ ಬಾಡಿಗೆಗೆ ನಿಂತವರು. ನಮ್ಮ ಪಕ್ಷವನ್ನು ನಾವೇ ಹೇಳಿಕೊಳ್ಳದೆ ಬೇರೆ ದಾರಿಯಿಲ್ಲ.

ನಮ್ಮನ್ನು ಯಾರೂ ಬೈಯುವುದಿಲ್ಲ ಎಂಬುದನ್ನು ಮೊದಲೇ ಒಪ್ಪುತ್ತೇವೆ. ಈ ವಸತಿಗಳು ಸಭ್ಯರ ವಸತಿಗಳು. ಇಲ್ಲಿ ಅವಮಾನವು ಮಾತಿನಲ್ಲಿ ಇರುವುದಿಲ್ಲ, ನಿಯಮದಲ್ಲಿ ಇರುತ್ತದೆ. ಸಾಮಾನು ಇಳಿಸುವ ದಿನ ಲಿಫ್ಟಿಗೆ ಶುಲ್ಕ, ಖಾಲಿ ಮಾಡುವ ದಿನ ಮತ್ತೊಮ್ಮೆ ಶುಲ್ಕ. ಬಿಸಿಲಿಗೆ ಹಪ್ಪಳ ಸಂಡಿಗೆ ಹಾಕಲು ತಾರಸಿಯ ಕೀಲಿ ಕೇಳಿದರೆ “ಮಾಲೀಕರಿಂದ ಚೀಟಿ ತನ್ನಿ” ಎಂಬ ಉತ್ತರ. ಗಣೇಶೋತ್ಸವದ ಚಂದಾ ಪುಸ್ತಕ ನಮ್ಮ ಬಾಗಿಲಿಗೆ ತಪ್ಪದೆ ಬರುತ್ತದೆ. ವಾರ್ಷಿಕ ಸಭೆಯ ನೋಟೀಸು ಎಂದೂ ಬರುವುದಿಲ್ಲ. ಕೆಳಗಿನ ಅಂಗಳದ ಮರದ ಫಲಕದಲ್ಲಿ ಪ್ರತಿ ಮನೆಯ ಸಂಖ್ಯೆಯ ಎದುರು ಒಂದು ಹೆಸರಿದೆ. ಎಂಟು ವರ್ಷ ಆ ಮನೆಯಲ್ಲಿ ದೀಪ ಹಚ್ಚಿದವರ ಹೆಸರು ಅದಲ್ಲ. ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದು ಬಾಡಿಗೆ ಪಡೆಯುವವರ ಹೆಸರು. ಅಂಚೆಯವನಿಗೆ ಗೊತ್ತಿರುವ ಸತ್ಯ ಫಲಕಕ್ಕೆ ಗೊತ್ತಿಲ್ಲ.

ಈ ನಿಯಮಗಳಿಗೆ ಕಾನೂನಿನ ಬೆಂಬಲವಿದೆ ಎಂದು ಅನೇಕರು ನಂಬಿದ್ದಾರೆ. ಮಹಾರಾಷ್ಟ್ರದ ಸಹಕಾರಿ ಗೃಹಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಸದಸ್ಯನು ತನ್ನ ಮನೆಯನ್ನು ಬಾಡಿಗೆಗೆ ಕೊಡುವಾಗ ಸಂಘಕ್ಕೆ ಮುಂಚಿತವಾಗಿ ತಿಳಿಸಬೇಕು, ಕರಾರಿನ ಪ್ರತಿ ಒಪ್ಪಿಸಬೇಕು, ಅನುಮತಿ ಬೇಡಬೇಕಾಗಿಲ್ಲ. ಹಾಗಿದ್ದೂ ನಮ್ಮನ್ನು ಸಮಿತಿಯ ಎದುರು ಕೂರಿಸಿ ‘ಸಂದರ್ಶನ’ ಮಾಡುವ ಸಂಘಗಳು ಎಷ್ಟಿಲ್ಲ! ಸ್ವತಃ ವಾಸವಿರದ ಮಾಲೀಕನಿಂದ ವಸೂಲು ಮಾಡುವ ‘ನಾನ್ ಆಕ್ಯುಪೆನ್ಸಿ’ ಶುಲ್ಕವು ಸೇವಾಶುಲ್ಕದ ಶೇಕಡಾ 10ನ್ನು ಮೀರಬಾರದೆಂದು ರಾಜ್ಯ ಸರ್ಕಾರ 2001ರ ಆಗಸ್ಟ್ 1ರಂದೇ ಆದೇಶಿಸಿತು. ಅದನ್ನು ಪ್ರಶ್ನಿಸಿದ ಸಂಘಗಳಿಗೆ ಬಾಂಬೆ ಹೈಕೋರ್ಟಿನಲ್ಲಿ ಜಯ ಸಿಗಲಿಲ್ಲ. ಆದರೂ ಬೇರೆ ಬೇರೆ ಹೆಸರು ಹೊತ್ತ ಶುಲ್ಕಗಳು ಹುಟ್ಟುತ್ತಲೇ ಇವೆ. ಮಾಲೀಕನ ಹೆಸರಿನಲ್ಲಿ ಬರುವ ಬಿಲ್ಲು ಕೊನೆಗೆ ಬಾಡಿಗೆಯಲ್ಲಿ ಸೇರಿ ನಮ್ಮ ತಲೆಗೇ ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಲೀಕರ ಭಯಕ್ಕೆ ಒಂದು ಇತಿಹಾಸವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. 1947ರ ಬಾಂಬೆ ಬಾಡಿಗೆ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಮ್ಮೆ ಒಳಬಂದ ಬಾಡಿಗೆದಾರ ತಲೆಮಾರುಗಟ್ಟಲೆ ಉಳಿದ. ಬಾಡಿಗೆ ರಿಪೇರಿಗೂ ಸಾಲದಾಯಿತು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಯನ್ನು ದಕ್ಷಿಣ ಮುಂಬಯಿಯ ಮನೆ ಒಡೆಯರು ಅನುಭವದಿಂದ ಕಲಿತರು. ಆ ಕಾಯಿದೆಯಿಂದ ತಪ್ಪಿಸಿಕೊಳ್ಳಲು ‘ಲೀವ್ ಅಂಡ್ ಲೈಸೆನ್ಸ್’ ಎಂಬ ಕರಾರು ಬಳಕೆಗೆ ಬಂತು. 1973ರಲ್ಲಿ ಸರ್ಕಾರವು ಅಂದಿನ ಲೈಸೆನ್ಸ್‌ದಾರರಿಗೂ ಬಾಡಿಗೆದಾರರ ರಕ್ಷಣೆ ಕೊಟ್ಟಾಗ ಒಡೆಯರ ಭಯ ಇನ್ನಷ್ಟು ಬಲಿಯಿತು. ಇಷ್ಟೂ ನಿಜ.

ಆದರೆ ಆ ಅಧ್ಯಾಯ ಮುಗಿದು ಬಹಳ ಕಾಲವಾಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 24ನೆಯ ಕಲಮಿನ ಪ್ರಕಾರ, ಅವಧಿ ಮುಗಿದ ಮೇಲೂ ಮನೆ ಬಿಡದ ಲೈಸೆನ್ಸ್‌ದಾರನು ಇಮ್ಮಡಿ ಶುಲ್ಕ ತೆರಬೇಕು. ಒಡೆಯನು ಸಕ್ಷಮ ಅಧಿಕಾರಿಯ ಬಳಿ ಹೋಗಿ ಮನೆಯನ್ನು ಮರಳಿ ಪಡೆಯಬಹುದು. ಇಂದು ಉಪನಗರದ ಮನೆಯನ್ನು ಕಬಳಿಸುವ ಶಕ್ತಿ ಯಾವ ಬಾಡಿಗೆದಾರನಿಗೂ ಕಾನೂನಿನಿಂದ ಬರುವುದಿಲ್ಲ. ಹನ್ನೊಂದು ತಿಂಗಳ ಕರಾರನ್ನೇ ನೋಡಿ. ಒಂದು ವರ್ಷಕ್ಕಿಂತ ಕಡಿಮೆಯ ಗೇಣಿಪತ್ರಕ್ಕೆ ನೋಂದಣಿ ಬೇಡವೆಂಬ 1908ರ ನೋಂದಣಿ ಕಾಯಿದೆಯ ಅನುಕೂಲದಿಂದ ಆ ರೂಢಿ ಬೆಳೆಯಿತು. ಮಹಾರಾಷ್ಟ್ರದಲ್ಲಿ 1999ರ ಕಾಯಿದೆಯ 55ನೆಯ ಕಲಮು ಎಲ್ಲ ಕರಾರುಗಳಿಗೂ ನೋಂದಣಿ ಕಡ್ಡಾಯ ಮಾಡಿ, ಆ ಹೊಣೆಯನ್ನು ಒಡೆಯನ ಮೇಲೆಯೇ ಹಾಕಿದೆ. ಹನ್ನೊಂದಕ್ಕೆ ಇದ್ದ ಲಾಭ ಹೋಗಿದೆ, ಹನ್ನೊಂದು ಮಾತ್ರ ಉಳಿದಿದೆ. ಭಯಕ್ಕೆ ಕಾರಣವಿದ್ದಾಗ ಅದು ಎಚ್ಚರಿಕೆ ಎನಿಸುತ್ತದೆ. ಕಾರಣ ಹೋದ ಮೇಲೂ ಉಳಿದರೆ ಅದಕ್ಕೆ ದರ್ಪವೆಂದೇ ಹೆಸರು.

“ಬಾಡಿಗೆಯವರಿಗೆ ಕಟ್ಟಡದ ಮೇಲೆ ಮಮತೆ ಇರುವುದಿಲ್ಲ” ಎಂಬುದು ನಮ್ಮ ಮೇಲಿನ ಮುಖ್ಯ ಆರೋಪ. ಹನ್ನೊಂದು ತಿಂಗಳ ಗಡುವು ಕೊಟ್ಟು ಕರೆತಂದವರೇ ನಮಗೆ ಬೇರಿಲ್ಲವೆಂದು ದೂರುವುದು ವಿಚಿತ್ರ. ಗಿಡವನ್ನು ವರ್ಷಕ್ಕೊಮ್ಮೆ ಕಿತ್ತು ನೆಡುವವನು ಅದು ಹೂ ಬಿಡಲಿಲ್ಲವೆಂದು ಗಿಡವನ್ನು ಬೈಯಬಹುದೇ? ಇನ್ನೊಂದು ಮಾತು. ರಾತ್ರಿ ನೀರಿನ ಪಂಪು ಕೆಟ್ಟರೆ, ಮೇಲಿನ ಮಹಡಿಯ ಅಜ್ಜಿಗೆ ಉಸಿರಾಟ ಕಷ್ಟವಾದರೆ, ಮಳೆಗಾಲದಲ್ಲಿ ಗೇಟಿನೊಳಗೆ ನೀರು ನುಗ್ಗಿದರೆ, ಅಲ್ಲಿ ಇರುವವರು ಯಾರು? ಬೀಗ ಹಾಕಿದ ಮನೆಯ ಒಡೆಯನಲ್ಲ, ಬಾಗಿಲು ತೆರೆದ ಮನೆಯ ನಾವು. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಆ ಬೀಗಗಳಿಗೆಲ್ಲ ತಮ್ಮ ತಮ್ಮ ಸಂಘಗಳಲ್ಲಿ ಮತವಿದೆ. ವಾಸಿಸುವ ಮನುಷ್ಯನಿಗೆ ಇಲ್ಲ.

ಇಲ್ಲಿ ನಮ್ಮ ವಾದದ ತಿರುಳಿದೆ. 1935ರ ಭಾರತ ಸರ್ಕಾರ ಕಾಯಿದೆಯಡಿ ಮತದ ಹಕ್ಕು ಆಸ್ತಿ, ತೆರಿಗೆ, ವಿದ್ಯೆಗಳನ್ನು ಅವಲಂಬಿಸಿತ್ತು. ದೇಶದ ಬಹುಪಾಲು ಜನ ಹೊರಗುಳಿದಿದ್ದರು. ಸಂವಿಧಾನ ಬಂದಾಗ ಆ ಬೇಲಿ ಬಿತ್ತು. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ 20ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಕ್ಷೇತ್ರದಲ್ಲಿ ಮನೆಯ ಒಡೆತನವಿದೆ ಎಂಬಷ್ಟರಿಂದಲೇ ಯಾರನ್ನೂ ಅಲ್ಲಿಯ ಸಾಮಾನ್ಯ ನಿವಾಸಿಯೆಂದು ಎಣಿಸಲಾಗದು ಎನ್ನುತ್ತದೆ. ಗಣರಾಜ್ಯವು ನಮ್ಮನ್ನು ‘ಎಲ್ಲಿ ವಾಸಿಸುತ್ತೀರಿ’ ಎಂದು ಕೇಳುತ್ತದೆ. ‘ಏನು ಕೊಂಡಿದ್ದೀರಿ’ ಎಂದು ಕೇಳುವುದಿಲ್ಲ. ಈ ದೇಶದ ಪ್ರಧಾನಿಯನ್ನು ಆರಿಸುವಲ್ಲಿ ನಮ್ಮ ಮತಕ್ಕೆ ಬೆಲೆಯಿದೆ. ಗೇಟು ರಾತ್ರಿ ಹತ್ತಕ್ಕೆ ಮುಚ್ಚಬೇಕೋ ಹನ್ನೊಂದಕ್ಕೋ ಎಂಬಲ್ಲಿ ಬೆಲೆಯಿಲ್ಲ. ಸಂವಿಧಾನವು ರಸ್ತೆಯವರೆಗೆ ಬಂದು ಗೇಟಿನ ಬಳಿ ರಿಜಿಸ್ಟರಿನಲ್ಲಿ ಸಹಿ ಹಾಕಿ ಹೊರಗೆ ಕಾಯುತ್ತಿದೆ.

“ಬಂಡವಾಳ ಹಾಕಿದವರು ನಾವು, ನಿರ್ಧಾರ ನಮ್ಮದಾಗಬೇಡವೇ?” ಎಂದು ಮಾಲೀಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಟ್ಟಡದ ಪುನರ್ನಿರ್ಮಾಣ, ದುರಸ್ತಿ ನಿಧಿ, ಜಮೀನಿನ ಹಕ್ಕು, ಇವು ಮಾಲೀಕರ ವಿಷಯ; ಅಲ್ಲಿ ನಾವು ಪಾಲು ಕೇಳುವುದಿಲ್ಲ. ಆದರೆ ನೀರು ಬಿಡುವ ಹೊತ್ತು, ಮಕ್ಕಳ ಆಟದ ಜಾಗ, ಅತಿಥಿಗಳ ಮೇಲಿನ ನಿರ್ಬಂಧ, ಮನೆಗೆಲಸದವರಿಗೆ ಯಾವ ಲಿಫ್ಟು ಎಂಬಂಥವು ಬಂಡವಾಳದ ವಿಷಯಗಳಲ್ಲ, ಬದುಕಿನ ವಿಷಯಗಳು. ಅವುಗಳನ್ನು ಬದುಕುವವರು ಸೇರಿ ನಿರ್ಧರಿಸಬೇಕು.

ಈಗ ನಮ್ಮವರೊಡನೆಯೇ ಒಂದು ಮಾತು, ಕಹಿಯಾದರೂ ಆಡಬೇಕಾದ ಮಾತು. ಈ ಸಮಿತಿಗಳಲ್ಲಿ ಕನ್ನಡಿಗರು ಕಡಿಮೆಯಿಲ್ಲ. ಅವರಲ್ಲಿ ಅನೇಕರ ತಂದೆಯವರು ಹೋಟೆಲಿನ ಮಾಳಿಗೆಯಲ್ಲಿ ಮಲಗಿ, ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದವರು. ಅರುವತ್ತರ ದಶಕದ ಕೊನೆಯಲ್ಲಿ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ, ‘ಹೊರಗಿನವರು’ ಎಂಬ ಮಾತಿನ ತೂಕವನ್ನು ಆ ತಲೆಮಾರು ತಿಳಿಯಿತು. ಅವರ ಮಕ್ಕಳು ಇಂದು ಬಾಡಿಗೆಗೆ ಬಂದವನ ಅಡುಗೆಮನೆಯಲ್ಲಿ ಮೀನು ಬೇಯುತ್ತದೆಯೇ, ಅವನ ಹೆಸರು ಯಾವ ಧರ್ಮದ್ದು, ಅವನಿಗೆ ಮದುವೆಯಾಗಿದೆಯೇ ಎಂದು ವಿಚಾರಿಸುತ್ತಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದರೆ ಸೊಸೆಯಾಗಿದ್ದಾಗ ಪಟ್ಟದ್ದನ್ನೆಲ್ಲ ಮರೆಯಬೇಕೆಂದು ಅರ್ಥವೇ? ಸಮುದಾಯವೊಂದು ತನ್ನವರಿಗಷ್ಟೇ ಸದಸ್ಯತ್ವ ಮೀಸಲಿಡುವ ಉಪವಿಧಿಯನ್ನು ಸುಪ್ರೀಂ ಕೋರ್ಟು 2005ರಲ್ಲಿ, ಗುಜರಾತಿನ ಪಾರಸಿ ಗೃಹಸಂಘದ ಮೊಕದ್ದಮೆಯಲ್ಲಿ, ಎತ್ತಿಹಿಡಿದಿದೆ. ಕಾನೂನು ಅಷ್ಟು ಸ್ಥಳ ಬಿಟ್ಟಿರುವಾಗ ಉಳಿದದ್ದನ್ನು ಮನಸ್ಸಾಕ್ಷಿಯೇ ತುಂಬಬೇಕು.

ನಮ್ಮ ಸಂಘಗಳ ವೇದಿಕೆಗಳಲ್ಲಿ ದೇವರಾಜ ಅರಸರ ಹೆಸರನ್ನು ಅಭಿಮಾನದಿಂದ ನೆನೆಯುತ್ತೇವೆ. 1974ರ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಎಂದಾಗ ಕರ್ನಾಟಕದ ಗೇಣಿ ಒಕ್ಕಲುಗಳು ತಲೆಯೆತ್ತಿದರು. ಆ ಭಾಷಣಕ್ಕೆ ಚಪ್ಪಾಳೆ ತಟ್ಟಿದ ಕೈಯೇ ಮರುದಿನ ಸೊಸೈಟಿಯ ಕಚೇರಿಯಲ್ಲಿ ಬಾಡಿಗೆಯವರ ಸ್ಕೂಟರಿಗೆ ನಿಲ್ಲಲು ಜಾಗವಿಲ್ಲವೆಂಬ ನಿರ್ಣಯಕ್ಕೆ ಸಹಿ ಹಾಕುತ್ತದೆ. ವಾಸಿಸುವವನೇ ಮನೆಯೊಡೆಯನಾಗಲಿ ಎಂದು ನಾವು ಕೇಳುತ್ತಿಲ್ಲ. ವಾಸಿಸುವವನು ನೆರೆಯವನಾಗಲಿ ಎಂದಷ್ಟೇ ಕೇಳುತ್ತಿದ್ದೇವೆ. ನಮ್ಮ ಭಾಷೆಯಲ್ಲಿ ಹೊಸ ಮನೆಗೆ ಹೋಗುವ ಶುಭಕಾರ್ಯಕ್ಕೂ ‘ಮನೆ ಒಕ್ಕಲು’ ಎನ್ನುತ್ತೇವೆ, ಮತ್ತೊಬ್ಬರ ಮನೆಯಲ್ಲಿ ಇರುವವನಿಗೂ ‘ಒಕ್ಕಲು’ ಎನ್ನುತ್ತೇವೆ. ಒಡೆಯನಾಗಲಿ ಬಾಡಿಗೆಯವನಾಗಲಿ, ಮನೆಯನ್ನು ಮನೆ ಮಾಡುವುದು ವಾಸ ಎಂಬ ತಿಳಿವು ಆ ಪದದಲ್ಲೇ ಇದೆ.

ಮಹಾರಾಷ್ಟ್ರದ ಗೃಹಸಂಘಗಳು ವಾರ್ಷಿಕ ಸಭೆಯನ್ನು ಸೆಪ್ಟೆಂಬರ್ 30ರೊಳಗೆ ನಡೆಸಬೇಕು. ಸಮಿತಿಗಳಲ್ಲಿರುವ ಕನ್ನಡಿಗರು ಈ ಬಾರಿಯ ಸಭೆಗೆ ಮೂರು ಸೂಚನೆಗಳನ್ನು ತರಲಿ. ಕಾನೂನು ಹೇಳದ ಯಾವ ಶುಲ್ಕವನ್ನೂ ಬಾಡಿಗೆಯವರಿಂದ ಪಡೆಯಬಾರದು. ನಿತ್ಯಜೀವನದ ವಿಷಯಗಳ ಚರ್ಚೆಗೆ ಎಲ್ಲ ನಿವಾಸಿಗಳನ್ನೂ ಕರೆದು ಅವರ ಮಾತನ್ನು ನಡಾವಳಿಯಲ್ಲಿ ದಾಖಲಿಸಬೇಕು. ಫಲಕದಲ್ಲಿ ಒಡೆಯನ ಹೆಸರಿನ ಕೆಳಗೆ ವಾಸಿಸುವವರ ಹೆಸರನ್ನೂ ಬರೆಸಬೇಕು. ಮೂರಕ್ಕೂ ಸರ್ಕಾರದ ಆದೇಶ ಬೇಡ, ಹಣವೂ ಹೆಚ್ಚು ಬೇಡ. ಕೈ ಎತ್ತುವವರೊಬ್ಬರು ಬೇಕು, ಅನುಮೋದಿಸುವವರೊಬ್ಬರು ಬೇಕು. ಆ ಸಭೆಯಲ್ಲಿ ಕೈ ಎತ್ತುವ ಹಕ್ಕು ನಮಗಿಲ್ಲ, ನಿಮಗಿದೆ.