ತಂಪು ನಮಗೆ, ಹನಿ ನೆರೆಯವರಿಗೆ?

ಎಸಿ ಈಗ ಶ್ರೀಮಂತರ ಮನೆಗೆ ಮಾತ್ರ ಸೀಮಿತವಾದ ವಸ್ತುವಲ್ಲ. ಗಲ್ಫ್‌ನಿಂದ ರಜೆಗೆ ಬರುವ ಮಗನಿಗಾಗಿ, ಬಾಣಂತನಕ್ಕೆ ಬಂದ ಮಗಳಿಗಾಗಿ, ಸೆಕೆಯಲ್ಲಿ ನಿದ್ದೆಯಿಲ್ಲದೆ ಹೊರಳಾಡುವ ಹಿರಿಯರಿಗಾಗಿ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಂದು ಕೋಣೆಗಾದರೂ ಎಸಿ ಬಂದಿದೆ. ಯಾವ ಕಂಪೆನಿ, ಎಷ್ಟು ಟನ್, ಎಷ್ಟು ಸ್ಟಾರ್ ಎಂದು ಹತ್ತು ಅಂಗಡಿ ಸುತ್ತಿ ವಿಚಾರಿಸುತ್ತೇವೆ. ಅದರಿಂದ ಹೊರಬರುವ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಫಿಟ್ಟಿಂಗಿಗೆ ಬಂದವರು ಗೋಡೆ ಕೊರೆದು ಪೈಪನ್ನು ಹೊರಗೆ ನೇತುಹಾಕಿ ಹೋದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ನಿಜವಾಗಿ ಅಲ್ಲಿಗೆ ಅರ್ಧ ಕೆಲಸವಷ್ಟೇ ಆಗಿರುತ್ತದೆ.

ಎಸಿ ಗಾಳಿಯನ್ನು ತಂಪು ಮಾಡುವಾಗ ಗಾಳಿಯಲ್ಲಿರುವ ತೇವವೂ ನೀರಾಗಿ ಇಳಿಯುತ್ತದೆ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಒಂದೂವರೆ ಟನ್ನಿನ ಯಂತ್ರ ಗಂಟೆಗೆ ಒಂದೆರಡು ಲೀಟರ್ ನೀರು ಬಿಡಬಹುದು. ರಾತ್ರಿಯಿಡೀ ಓಡಿದರೆ ಬೆಳಗ್ಗೆ ಹೊತ್ತಿಗೆ ಒಂದು ಬಕೆಟ್. ಇದು ಕೊಳಚೆ ನೀರಲ್ಲ, ಗಿಡಗಳಿಗೆ ಹಾಕಬಹುದು, ನೆಲ ಒರೆಸಬಹುದು. ಆದರೆ ಅದು ನಿಂತರೆ ಅಪಾಯ.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ. ಇಂಥ ತಿಳಿನೀರು ಒಂದು ತಟ್ಟೆಯಷ್ಟಿದ್ದರೂ ಸಾಕು. ಒಂದು ವಾರ, ಹತ್ತು ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಮಳೆ ನಿಂತ ಮೇಲೂ ಸೊಳ್ಳೆ ಏಕೆ ಕಡಿಮೆಯಾಗಿಲ್ಲ ಎಂದು ಅಚ್ಚರಿಪಡುವವರು ಸಜ್ಜೆಯ ಮೇಲೆ, ಪೈಪಿನ ಕೆಳಗಿಟ್ಟ ಹಳೆಯ ಡಬ್ಬದಲ್ಲಿ ಒಮ್ಮೆ ಇಣುಕಬೇಕು. 2024ರಲ್ಲಿ ಕರ್ನಾಟಕ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ನಗರದಲ್ಲಿ 400 ರೂಪಾಯಿ, ಗ್ರಾಮಗಳಲ್ಲಿ 200 ರೂಪಾಯಿ ದಂಡ ನಿಗದಿಪಡಿಸಿತು. ಆಸ್ಪತ್ರೆಯ ಖರ್ಚಿನ ಮುಂದೆ ಆ ದಂಡ ಏನೂ ಅಲ್ಲ.

ಮನೆಯೊಳಗೂ ಇದೇ ಕಥೆ. ಡ್ರೈನ್ ಪೈಪಿಗೆ ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಇಳಿಜಾರು ಬೇಕು. ಮಧ್ಯೆ ಎಲ್ಲಿಯೂ ಅದು ಜೋತುಬೀಳಬಾರದು. ಜೋತುಬಿದ್ದಲ್ಲಿ ನೀರು ನಿಂತು ಲೋಳೆ ಕಟ್ಟುತ್ತದೆ, ಟ್ರೇ ತುಂಬಿ ಗೋಡೆಗೆ ಇಳಿಯುತ್ತದೆ. ಒದ್ದೆ ಗೋಡೆಯಲ್ಲಿ ಬೂಷ್ಟು ಹಿಡಿದರೆ ಉಬ್ಬಸವಿರುವ ಮಕ್ಕಳಿಗೆ, ಹಿರಿಯರಿಗೆ ಕಷ್ಟ. ಇನ್ನು ಕೆಲವರು ಸುಲಭವೆಂದು ಈ ಪೈಪನ್ನು ನೇರವಾಗಿ ಶೌಚಾಲಯದ ಪೈಪಿಗೆ ಸೇರಿಸಿಬಿಡುತ್ತಾರೆ. ಅಲ್ಲಿನ ದುರ್ವಾಸನೆ ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ನಾವು ಮಲಗುವ, ನಮಾಝ್ ಮಾಡುವ ಕೋಣೆ ಸೇರುತ್ತದೆ. ಬಟ್ಟೆಯ ಮೇಲೆ ಒಂದು ಹನಿ ಸಿಡಿದರೂ ತೊಳೆಯುವ ನಾವು ಉಸಿರಾಡುವ ಗಾಳಿಯ ಬಗ್ಗೆ ಇಷ್ಟು ಉದಾಸೀನರಾಗುವುದು ಸರಿಯೇ?

ನೀರಿನ ಜೊತೆಗೇ ಇರುವುದು ವಿದ್ಯುತ್. ಎಸಿಗೆ ಬೋರ್ಡಿನಿಂದಲೇ ಪ್ರತ್ಯೇಕ ಲೈನ್, ಅದಕ್ಕೆ ತಕ್ಕ ದಪ್ಪದ ತಂತಿ ಮತ್ತು ಎಂಸಿಬಿ, ಸರಿಯಾದ ಅರ್ತಿಂಗ್, ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ಗೀಸರಿನ ಪಾಯಿಂಟಿನಿಂದ ಎಳೆದುಕೊಳ್ಳುವುದು, ಒಳಗಿನ ಮತ್ತು ಹೊರಗಿನ ಯಂತ್ರದ ನಡುವಿನ ತಂತಿಯನ್ನು ಟೇಪು ಸುತ್ತಿ ಮಳೆಗೆ ಬಿಡುವುದು ಉಳಿತಾಯವಲ್ಲ. ತಂತಿ ಗೋಡೆಯ ತೂತಿಗಿಂತ ಸ್ವಲ್ಪ ಕೆಳಗೆ ಬಾಗಿ ನಂತರ ಒಳಗೆ ಬರಬೇಕು. ಇಲ್ಲವಾದರೆ ಮಳೆನೀರು ತಂತಿಯ ಗುಂಟ ಹರಿದು ಒಳಗೆ ಬರುತ್ತದೆ.

ಗಲ್ಫ್‌ನ ವಿಲ್ಲಾಗಳಲ್ಲಿ ಯಂತ್ರವನ್ನು ಫಾಲ್ಸ್ ಸೀಲಿಂಗ್ ಮೇಲೆ ಅಡಗಿಸಿಡುವುದು ರೂಢಿ. ಅಲ್ಲಿ ಸೋರಿಕೆ ತಿಳಿಯುವುದು ಸೀಲಿಂಗಿನಲ್ಲಿ ಕಲೆ ಬಿದ್ದ ಮೇಲೆಯೇ. ಯಂತ್ರದ ಅಡಿಯಲ್ಲಿ ಇನ್ನೊಂದು ಟ್ರೇ, ಫ್ಯಾನಿನ ಸೆಳೆತ ನೀರನ್ನು ತಡೆಹಿಡಿಯದಂತೆ ಯು ಆಕಾರದ ಬಾಗು, ಟ್ರೇ ತುಂಬಿದರೆ ಯಂತ್ರವನ್ನೇ ನಿಲ್ಲಿಸುವ ಫ್ಲೋಟ್ ಸ್ವಿಚ್, ಈ ಮೂರು ಇವೆಯೇ ಎಂದು ಅಲ್ಲಿರುವವರು ವಿಚಾರಿಸಲಿ. ಚಳಿಗಾಲಕ್ಕೆಂದು ವಿದ್ಯುತ್ ಹೀಟರ್ ಇರುವ ಯಂತ್ರವಾದರೆ, ಫ್ಯಾನ್ ಓಡದೆ ಹೀಟರ್ ಹೊತ್ತಿಕೊಳ್ಳದಂತೆ ವಯರಿಂಗ್ ಆಗಿರಬೇಕು. ಗಾಳಿ ಹರಿಯದ ಹೀಟರ್ ಬೆಂಕಿಗೆ ಆಹ್ವಾನ.

"ನಾಲ್ಕು ಹನಿ ನೀರು ತಾನೇ, ಅದಕ್ಕೆ ಇಷ್ಟೊಂದು ಮಾತೇ?" ಎನ್ನುವವರಿದ್ದಾರೆ. ಆ ಹನಿ ಕೆಳಮನೆಯವರ ಒಣಹಾಕಿದ ಬಟ್ಟೆಯ ಮೇಲೆ, ಓಣಿಯಲ್ಲಿ ನಡೆಯುವವರ ತಲೆಯ ಮೇಲೆ, ಮಸೀದಿಯ ಮೆಟ್ಟಿಲ ಮೇಲೆ ಬೀಳುತ್ತದೆ. ಪಾಚಿಗಟ್ಟಿದ ಆ ಮೆಟ್ಟಿಲಲ್ಲಿ ಫಜ್ರ್‌ಗೆ ಬರುವ ವೃದ್ಧರೊಬ್ಬರು ಜಾರಿದರೆ ಹೊಣೆ ಯಾರದ್ದು? ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದೂ ಪುಣ್ಯವೆಂದು ಪ್ರವಾದಿ(ಸ) ಕಲಿಸಿದ್ದಾರೆ. ನೆರೆಯವರ ಹಕ್ಕಿನ ಬಗ್ಗೆ ಅವರು ಎಷ್ಟು ಒತ್ತಿ ಹೇಳಿದ್ದಾರೆಂದು ನಮಗೆಲ್ಲ ಗೊತ್ತು. ನಾವೇ ದಾರಿಯಲ್ಲಿ ತೊಂದರೆ ಇಟ್ಟು, ನೆರೆಯವರ ಜಗುಲಿ ಒದ್ದೆ ಮಾಡಿ ತಂಪಾಗಿ ಮಲಗುವುದು ಆ ಕಲಿಕೆಗೆ ಒಪ್ಪುವ ಮಾತಲ್ಲ. ಜಮಾಅತ್ ಕಮಿಟಿಗಳು ಮಸೀದಿಯ ಎಸಿಗಳಿಂದಲೇ ಇದನ್ನು ಆರಂಭಿಸಬಹುದು. ಆ ನೀರನ್ನು ಒಂದೇ ಪೈಪಿನಲ್ಲಿ ಕೂಡಿಸಿ ಅಂಗಳದ ಗಿಡಗಳಿಗೆ ಬಿಟ್ಟರೆ ಮೆಟ್ಟಿಲೂ ಒಣಗಿರುತ್ತದೆ, ನೀರೂ ಪೋಲಾಗುವುದಿಲ್ಲ.

ಆದ್ದರಿಂದ ಮನೆಯವರೇ, "ಫಿಟ್ಟಿಂಗ್ ಫ್ರೀ" ಎಂಬ ಮಾತಿಗೆ ಮರುಳಾಗಬೇಡಿ. ಹಣ ಕೊಡುವ ಮೊದಲು ಟ್ರೇಗೆ ನಿಧಾನವಾಗಿ ನೀರು ಹೊಯ್ಯಲು ಹೇಳಿ. ಅಷ್ಟೂ ನೀರು ಗೋಡೆ ಮುಟ್ಟದೆ ಹೊರಗೆ, ಯಾರಿಗೂ ತೊಂದರೆಯಿಲ್ಲದ ಜಾಗಕ್ಕೆ ಬಿತ್ತೇ ನೋಡಿ. ಎಸಿ ಓಡುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಸೆಕೆಗಾಲ ಶುರುವಾಗುವ ಮುನ್ನ ತಿಳಿದವರಿಂದ ಟ್ರೇ, ಪೈಪು, ಅರ್ತಿಂಗ್ ನೋಡಿಸಿ. ಸಾವಿರಾರು ರೂಪಾಯಿ ಕೊಟ್ಟು ತಂಪು ತಂದವರಿಗೆ ನಾಲ್ಕು ಮೀಟರ್ ಪೈಪು ಭಾರವಾಗಲಾರದು.