ಕಪಾಟಿನ ಬೀಗ ತೆಗೆಯಿರಿ

ಈಗಿನ ಮಕ್ಕಳು ಓದುವುದಿಲ್ಲ, ಮೊಬೈಲು ಕೆಡಿಸಿತು ಎಂಬ ಮಾತು ಕಾರವಾರ, ಅಂಕೋಲೆಯ ಯಾವ ಮದುವೆಮನೆಗೆ ಹೋದರೂ ಕಿವಿಗೆ ಬೀಳುತ್ತದೆ. ಸಾಕು ಮಾಡಿ. ಶಾಲೆಯ ಪುಸ್ತಕದ ಕಪಾಟಿಗೆ ಬೀಗ ಜಡಿದದ್ದು ಮೊಬೈಲಲ್ಲ, ದೊಡ್ಡವರಾದ ನಾವು.

ಕಳೆದ ಮಳೆಗಾಲದಲ್ಲಿ ಅಂಕೋಲಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿ ನನ್ನೆದುರೇ ಕಥೆ ಪುಸ್ತಕ ಕೇಳಿದಳು. ‘ಪರೀಕ್ಷೆ ಮುಗೀಲಿ, ಆಮೇಲೆ ನೋಡುವಾ’ ಅಂದರು ಶಿಕ್ಷಕರು. ನಾನು ಪಟ್ಟು ಹಿಡಿದ ಮೇಲೆ ಚಾವಿಗಾಗಿ ಹುಡುಕಾಟ ಶುರುವಾಯಿತು. ಕಪಾಟು ತೆರೆದರೆ ಬೂಸರಿನ ವಾಸನೆ ಮುಖಕ್ಕೆ ಹೊಡೆಯಿತು. ರಟ್ಟಿಗೆ ರಟ್ಟು ಅಂಟಿಕೊಂಡಿತ್ತು. ಬಿಡಿಸಹೋದರೆ ಮುಖಪುಟವೇ ಕಿತ್ತು ಬರುತ್ತಿತ್ತು. ಅದರೊಳಗೆ ತೇಜಸ್ವಿಯವರ ‘ಕರ್ವಾಲೊ’ ಇತ್ತು. ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಕ್ಕವರ ಕಥೆ, ಹದಿಮೂರರ ವಯಸ್ಸಿಗೆ ಅದಕ್ಕಿಂತ ರುಚಿಯಾದದ್ದು ಯಾವುದಿದೆ? ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಒಂದು ಮಗುವಿನ ಹೆಸರೂ ಇರಲಿಲ್ಲ.

ಯಾಕೆ ಈ ಬೀಗ? ಪುಸ್ತಕ ಕಳೆದರೆ ದಾಸ್ತಾನು ವಹಿಗೆ ಯಾರು ಉತ್ತರ ಹೇಳುವುದು ಎಂಬ ಭಯ, ಅಷ್ಟೇ. ಮಕ್ಕಳ ಕೈಯಲ್ಲಿ ಹರಿದ ಪುಸ್ತಕಕ್ಕೆ ಲೆಕ್ಕ ಕೇಳುತ್ತೇವೆ, ಬೂಸರು ತಿಂದದ್ದಕ್ಕೆ ಯಾರನ್ನೂ ಕೇಳುವುದಿಲ್ಲ. ಇದನ್ನು ನಾನು ಕ್ಷಮಿಸಲಾರೆ.

ಅದೂ ಎಂಥ ನೆಲದಲ್ಲಿ! ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಶಾಲೆ ತೆರೆದರು, ಮಕ್ಕಳಿಗೆಂದೇ ಪದ್ಯ ಬರೆದರು. ವಿಷ್ಣು ನಾಯ್ಕರು ಅಂಬಾರಕೊಡ್ಲದಂಥ ಹಳ್ಳಿಯಲ್ಲಿ ಕೂತು ರಾಘವೇಂದ್ರ ಪ್ರಕಾಶನ ನಡೆಸಿದರು. ಅವರ ತಾಲೂಕಿನಲ್ಲಿ ಮಗು ಪುಸ್ತಕಕ್ಕೆ ಅಂಗಲಾಚಬೇಕೆ?

ಆರನೇ ತರಗತಿಯಿಂದ ಹತ್ತರವರೆಗಿನ ವಯಸ್ಸು ಸೂಕ್ಷ್ಮ. ಕಾಗಕ್ಕ ಗುಬ್ಬಕ್ಕ ಸಾಕಾಗಿರುತ್ತದೆ, ದೊಡ್ಡವರ ಕಾದಂಬರಿ ಇನ್ನೂ ಎಟುಕದು. ಆಗ ಕೊಡದಿದ್ದರೆ ಆಮೇಲೆ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಕೊಡುವುದಕ್ಕೆ ಬರಗಾಲವೇ? ನಮ್ಮದೇ ಜಿಲ್ಲೆಯ ಸಿದ್ದಾಪುರದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ 2022ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು; ನಿಮ್ಮ ಶಾಲೆಯಲ್ಲಿ ಅದು ಇದೆಯೇ? ಶರಾವತಿಯ ಮುಳುಗಡೆಯನ್ನು ಮತ್ತೆ ಮತ್ತೆ ಬರೆದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇದೆ. ಸೀಬರ್ಡ್ ನೌಕಾನೆಲೆಗೆ, ಕದ್ರಾ ಅಣೆಕಟ್ಟಿಗೆ ಮನೆಮಾರು ಬಿಟ್ಟುಕೊಟ್ಟವರ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲೇ ಕೂತಿದ್ದಾರೆ. ಅವರಿಗಲ್ಲದೆ ಇನ್ಯಾರಿಗೆ ಆ ಪುಸ್ತಕ? ಮನೆಯಲ್ಲಿ ಕೊಂಕಣಿ ಆಡುವ ಕಾರವಾರದ ಮಗುವಿಗೆ ಪಠ್ಯದ ಆಚೆಗಿನ ಕನ್ನಡ ಸಿಗಬೇಕಾದದ್ದೂ ಇಂಥ ಪುಟಗಳಲ್ಲೇ.

2020ರಲ್ಲಿ ‘ಓದುವ ಬೆಳಕು’ ಎಂದು ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಎಷ್ಟು ಪಾಲಕರು ಮಾಡಿಸಿದ್ದೀರಿ? ತೆರಿಗೆಯ ಜತೆ ಗ್ರಂಥಾಲಯ ಕರವನ್ನೂ ಕಟ್ಟುವವರು ನಾವು, ಕೇಳಲು ಯಾಕೆ ಸಂಕೋಚ?

ಶಿಕ್ಷಕರೇ, ನೀವು ಮೊದಲು ಒಂದು ಪುಸ್ತಕ ಓದಿ, ಆಮೇಲೆ ಅದನ್ನು ಮಗುವಿನ ಕೈಗಿಡಿ. ಚಾವಿಯನ್ನು ಒಂಬತ್ತನೇ ತರಗತಿಯ ಇಬ್ಬರಿಗೆ ಒಪ್ಪಿಸಿ, ವಹಿ ಅವರೇ ಬರೆಯಲಿ. ಕಳೆದುಹೋದ ಪುಸ್ತಕದ ದುಡ್ಡು ಊರವರು ಸೇರಿ ತುಂಬೋಣ. ದೇವಸ್ಥಾನದ ಬಣ್ಣಕ್ಕೆ, ಕ್ರಿಕೆಟ್ ಪಂದ್ಯಕ್ಕೆ ಕೊಡುವ ಕೈಗಳೇ ಇದಕ್ಕೂ ಕೊಡಲಿ. ಪಾಲಕರೇ, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಈ ವರ್ಷ ಕಪಾಟಿನಿಂದ ಎಷ್ಟು ಪುಸ್ತಕ ಮಕ್ಕಳ ಮನೆಗೆ ಹೋದವು? ಉತ್ತರ ಬರುವತನಕ ಕುರ್ಚಿ ಬಿಟ್ಟು ಏಳಬೇಡಿ.